ಗೂಡಿನೊಳಗೆ ಕೂತ ಮಧ್ಯಾಹ್ನ

ಬಳಗಾನೂರಿನ ಶಾಂತಮ್ಮನವರಿಗೆ ಹೋದ ವರ್ಷ ತಗಡಿನ ಕೋಳಿಗೂಡು ಮಾಡಿಕೊಟ್ಟವನು ನಾನೇ. ಬೇಸಿಗೆಯ ಒಂದೇ ಮಧ್ಯಾಹ್ನದ ಕಾವಿಗೆ ಅದರೊಳಗಿನ ಮರಿಗಳೆಲ್ಲ ಸತ್ತವು. ಈ ಸಲ ಅವರು ಮತ್ತೆ ನನ್ನನ್ನೇ ಕರೆದರು. ತಲೆ ಎತ್ತಿ ಮಾತಾಡಲು ಮುಖವಿರಲಿಲ್ಲ. ಬಿದಿರು, ತಂತಿಯ ಜಾಳಿ, ಮೇಲೆ ಭತ್ತದ ಹುಲ್ಲು ಹಾಕಿ, ತಾಯಿಕೋಳಿ ಮರಿಗಳ ಜೊತೆ ಅಡ್ಡಾಡುವಷ್ಟು ದೊಡ್ಡ ಗೂಡು ಕಟ್ಟಿದೆ.

ಬಾಗಿಲು ಕೂರಿಸುವ ಮುಂಚೆ ಅವರು ಅಂದರು, “ಒಳಗ ಹೋಗಿ ಕುಂದ್ರಪಾ.”

“ನಾನಾ? ಯಾಕ್ರೀ ಅಮ್ಮಾ?”

“ಕೋಳಿಗಂತೂ ಬಾಯಿಲ್ಲ. ಧಗಿ ಆದ್ರ ನೀ ಹೇಳ್ತಿ.”

ನಾಚಿಕೊಂಡೇ ತೆವಳಿ ಒಳಗೆ ಹೋದೆ. ಕಾಲುವೆಯ ಕಡೆಯಿಂದ ತಂಪು ಗಾಳಿ ಸುಳಿಯಿತು. ಬಿಸಿಲು ಜಾಳಿಯ ಕಣ್ಣುಗಳಿಂದ ಚಿಕ್ಕ ಚಿಕ್ಕ ಚೌಕಗಳಾಗಿ ಮೈಮೇಲೆ ಬಿತ್ತು. ಹುಲ್ಲಿನ ವಾಸನೆಯಲ್ಲಿ ಎಲ್ಲಿದ್ದೇನೆಂಬುದೇ ಮರೆತುಹೋಯಿತು. ಹಸಿರು ಗದ್ದೆಯೊಂದು ನನ್ನನ್ನು ಹೊತ್ತುಕೊಂಡು ಮೆಲ್ಲಗೆ ಎಲ್ಲಿಗೋ ತೇಲಿದಂತಿತ್ತು.

ಎಚ್ಚರಾದಾಗ ಎದೆಯ ಮೇಲೊಂದು ಮರಿ ಕೂತಿತ್ತು. ತಾಯಿಕೋಳಿ ಪಕ್ಕದಲ್ಲೇ ಕಣ್ಣು ಮುಚ್ಚಿ ತೂಕಡಿಸುತ್ತಿತ್ತು. ಹೊರಗೆ ಶಾಂತಮ್ಮ ಚಹಾ ಹಿಡಿದು ನಗುತ್ತಿದ್ದರು.

“ಏಳಪಾ, ಪಾಸಾತು. ಇನ್ನ ಅದರ ಮನಿ ಅದಕ್ಕ ಬಿಟ್ಟುಕೊಡು.”

ಮನೆಯಲ್ಲಿ ಫ್ಯಾನಿನ ಕೆಳಗೂ ಹೊರಳಾಡುವ ನನಗೆ ಅಂಥ ನಿದ್ದೆ ಮತ್ತೆ ಬಂದಿಲ್ಲ. ಹೆಂಡತಿಗೆ ಹೇಳಿದರೆ ಕೋಳಿಗೂಡಿನಲ್ಲೇ ಹಾಸಿಗೆ ಹಾಸಿಯಾಳೆಂದು ಸುಮ್ಮನಿದ್ದೇನೆ.