ಮಾಮಿಯ ಕೊಳದ ನೀರು

ಪಕ್ಕದ ಮನೆಯ ಮಾಮಿಯ ಅಂಗಾಲು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಬೆಳಗಿನ ನಮಾಜು ಮುಗಿಸಿ, ಹಳೆಯ ಚೂಡಿದಾರ ಹಾಕಿಕೊಂಡು, ತೆಂಗಿನ ಕಡ್ಡಿಯ ಹಿಡಿಸೂಡಿಯೊಂದಿಗೆ ಹಿತ್ತಲಿನ ಈಜುಕೊಳಕ್ಕೆ ಇಳಿದರೆ ಬಿಸಿಲೇರುವವರೆಗೂ ಗೋಡೆ ಉಜ್ಜುತ್ತಿದ್ದರು. ಗಂಡ ದುಬೈಯಲ್ಲಿ. ಕಾಪುವಿನ ಆ ದೊಡ್ಡ ಮನೆಯಲ್ಲಿ ಬೇಕಾದಷ್ಟು ಕೆಲಸದವರಿದ್ದರೂ ಕೊಳವನ್ನು ಮಾತ್ರ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ತಳದ ಒಂದೊಂದು ಟೈಲ್ಸೂ ಕಾಣುವಂಥ ಆ ತಿಳಿನೀರನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು.

ನಮ್ಮ ಹಿತ್ತಲಲ್ಲೂ ಕೊಳವಿತ್ತು, ಮಗಳು ಈಜು ಕಲಿಯಲಿ ಎಂದೇ ಕಟ್ಟಿಸಿದ್ದು. ಅದರಲ್ಲಿ ಬೆಳೆದದ್ದು ಪಾಚಿ. ಮಗಳು ಶಾಲೆಯಿಂದ ಬಂದವಳೇ ಚೀಲವನ್ನು ನನ್ನ ಕೈಗೆ ಕೊಟ್ಟು ನಡುವಿನ ಪಾಗಾರದ ಗೋಡೆ ಹಾರಿ ಮಾಮಿಯ ಕೊಳಕ್ಕೆ ಓಡುತ್ತಿದ್ದಳು. ನೀರಿನಲ್ಲಿ ಅವಳ ಹೊಟ್ಟೆಗೆ ಕೈಯಾನಿಸಿ ಹಿಡಿದವರು ಮಾಮಿ. ಅವಳು ಮೊದಲ ಸಲ ತೇಲಿದ್ದನ್ನು ಕಂಡವರೂ ಅವರೇ. ಹೆತ್ತ ನನ್ನ ಪಾಲಿಗೆ ಬಂದದ್ದು ಒದ್ದೆ ಟವೆಲು.

ಒಂದು ಹುಟ್ಟುಹಬ್ಬಕ್ಕೆ ಮಗಳ ಗೆಳತಿಯರನ್ನು ನಮ್ಮ ಕೊಳಕ್ಕೇ ಕರೆದೆ. ಮಳೆಗಾಲದಲ್ಲಿ ಬಾವಿಗೆ ಹಾಕುವ ಹಾಗೆ, ಹಿಂದಿನ ದಿನ ಬ್ಲೀಚಿಂಗ್ ಪುಡಿಯನ್ನು ಧಾರಾಳವಾಗಿ ಸುರಿದೆ. ಬೆಳಿಗ್ಗೆ ನೋಡಿದರೆ ಇಡೀ ಕೊಳ ಕಂದು! ಹುಡುಗಿಯರೆಲ್ಲ ಮೂಗು ಮುಚ್ಚಿಕೊಂಡು ಮಾಮಿಯ ಮನೆಗೆ ಹೋದರು, ಕೇಕ್ ಕೂಡ ಅವರ ಹಿಂದೆಯೇ ಹೋಯಿತು.

ಮಾಮಿ ಪಾಗಾರದ ಮೇಲಿಂದ ಬಗ್ಗಿ ನೋಡಿದರು. "ಎಂತ ಅಕ್ಕ, ಚಾ ಮಾಡಿದ್ದೀರಾ?" ಎಂದು ಬಿದ್ದು ಬಿದ್ದು ನಕ್ಕರು. ನನಗೆ ಅವರನ್ನು ಆ ನೀರಿಗೇ ತಳ್ಳುವಷ್ಟು ಸಿಟ್ಟು ಬಂತು. "ಬೋರ್ ನೀರಲ್ಲಿ ಕಬ್ಬಿಣ ಉಂಟಲ್ವಾ, ಬ್ಲೀಚಿಂಗ್ ಬಿದ್ರೆ ಹೀಗೇ ತುಕ್ಕು ಬಿಡೋದು. ಮೊದಲ ವರ್ಷ ನಂದೂ ಚಾವೇ ಆಗಿತ್ತು ಮಾರಾಯ್ತಿ."

ಮರುದಿನ ತಮ್ಮ ಹಿಡಿಸೂಡಿ ಹಿಡಿದು ಅವರೇ ಬಂದರು. ನನ್ನನ್ನೂ ನೀರಿಗಿಳಿಸಿದರು. "ಪಾಚಿ ಗೋಡೆ ಬಿಡದೆ ಯಾವ ಮದ್ದೂ ತಾಗುದಿಲ್ಲ. ಉಜ್ಜಿ, ಉಜ್ಜಿ. ಕೆಸರು ತಳ ಕೂತ ಮೇಲೆ ಪೈಪಲ್ಲಿ ಎಳೆಯುವ." ನೀರೇನೋ ತಿಳಿಯಾಯಿತು. ಮಗಳು ಮಾತ್ರ ಮತ್ತೆ ಪಾಗಾರವನ್ನೇ ಹಾರಿದಳು. ಆ ಉರಿಯಲ್ಲಿ ನಾನು ಉಜ್ಜುವುದನ್ನೇ ಬಿಟ್ಟೆ.

ಈ ವರ್ಷ ಮಳೆ ಹಿಡಿಯುವ ಮೊದಲು ಮಾಮಿ ತೀರಿಕೊಂಡರು. ಮಳೆ ಬಿಡುವಷ್ಟರಲ್ಲಿ ಅವರ ಕೊಳ ನಮ್ಮದಕ್ಕಿಂತಲೂ ಹಸಿರಾಗಿತ್ತು. ಖುಷಿಯಾಗಬೇಕಿತ್ತು. ಈಗ ಕಾಲೇಜು ಓದುತ್ತಿರುವ ಮಗಳು ಮಣಿಪಾಲದ ಹಾಸ್ಟೆಲಿನಿಂದ ಬಂದು ಆ ಕೊಳದ ದಂಡೆಯಲ್ಲಿ ಕುಳಿತು ಅತ್ತಳು. ಅವಳು ಮರಳಿ ಹೋದ ಮೇಲೆ, ಮಾಮಿಯ ಗಂಡನಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿ, ಮಾಮಿಯದೇ ಹಿಡಿಸೂಡಿ ಹಿಡಿದು ನಾನು ಅವರ ಕೊಳಕ್ಕೆ ಇಳಿದೆ. ತಳ ಕಾಣುವವರೆಗೆ ದಿನಾ ಉಜ್ಜಿದೆ.

ಮುಂದಿನ ರಜೆಗೆ ಬಂದ ಮಗಳು ಅಲ್ಲಿ ಮುಳುಗಿ ಎದ್ದು, ಮುಖ ಒರೆಸಿಕೊಳ್ಳುತ್ತಾ ಅಂದಳು: "ಎಂತದೇ ಹೇಳು ಅಮ್ಮ, ಮಾಮಿಯ ನೀರೇ ಬೇರೆ."

ಉಜ್ಜಿದ್ದು ನಾನು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವಳತ್ತ ಟವೆಲು ಚಾಚಿದೆ. ಉಜ್ಜಲು ಕಲಿಸಿದ್ದು ಅವರು.