ಶೇಕಡಾ ಮೇಷ್ಟ್ರು

ಚನ್ನಗಿರಿಯ ನಮ್ಮ ಬೀದಿಯಲ್ಲಿ ಶೇಕಡಾ ಮೇಷ್ಟ್ರು ಅಂತ ಒಬ್ಬನಿದ್ದಾನೆ. ನಿವೃತ್ತನಾದರೂ ಭಾಗಾಕಾರ ಬಿಡದ ಆ ಆಸಾಮಿ ಬೇರೆ ಯಾರೂ ಅಲ್ಲ, ನಾನೇ. ಬಸ್ಸು ಹತ್ತಿದರೆ ನಿಂತವರು ಶೇಕಡಾ ಎಷ್ಟು, ಮದುವೆಗೆ ಹೋದರೆ ಎರಡನೇ ಹೋಳಿಗೆ ಹಾಕಿಸಿಕೊಂಡವರು ಶೇಕಡಾ ಎಷ್ಟು ಎಂದು ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಕೊರೊನಾದ ಎರಡನೇ ಅಲೆಯಲ್ಲಂತೂ ನನಗೆ ಸುಗ್ಗಿ. ಬೆಳಗಾದರೆ ಜಗಲಿಯಲ್ಲಿ ಪತ್ರಿಕೆ ಹರಡಿಕೊಂಡು, ಅಂದಿನ ಸಾವನ್ನು ಅಂದಿನ ಸೋಂಕಿನಿಂದ ಭಾಗಿಸಿ, ಬೀದಿಗೆಲ್ಲ ಕೇಳುವಂತೆ ತೀರ್ಪು ಕೊಡುತ್ತಿದ್ದೆ. ಸೋಂಕು ದಿಢೀರನೆ ಏರಿ ಶೇಕಡಾ ಇಳಿದಾಗ, "ಹೆದರಬ್ಯಾಡ್ರಿ, ರೋಗಕ್ಕೆ ಹಲ್ಲು ಉದುರ್ಯಾವೆ" ಎಂದೆ. ಆಮೇಲೆ ಸೋಂಕು ಇಳಿದು ಶೇಕಡಾ ಏರಿದಾಗ, "ಮತ್ತೆ ಹಲ್ಲು ಬಂದಾವೆ" ಎಂದೆ. ಎರಡು ಸಲವೂ ನನ್ನ ಭಾಗಾಕಾರದಲ್ಲಿ ಒಂದೂ ತಪ್ಪಿರಲಿಲ್ಲ. ಅಡಿಕೆ ಬೇಯಿಸುವ ಕೆಲಸ ಮಾಡುವ ಪಕ್ಕದ ಮನೆಯ ನಬೀಸಾಬ್, ಎರಡನೇ ಸಲ ತೀರ್ಪು ಕೊಟ್ಟ ಅವತ್ತು, ಜಗಲಿಯ ಕೆಳಗೆ ನಿಂತು ಮೆಲ್ಲಗೆ ಕೇಳಿದರು: "ಮೇಷ್ಟ್ರೇ, ಇವತ್ತು ಕೊಯ್ದ ಅಡಿಕೆ ಇವತ್ತೇ ಮಂಡಿಗೆ ಬರ್ತೈತೇನ್ರೀ? ಸುಲೀಬೇಕು, ಬೇಯಬೇಕು, ಒಣಗಬೇಕು. ಇವತ್ತು ಸತ್ತೋರು ಇವತ್ತು ಸೋಂಕು ಹತ್ತಿದೋರಲ್ಲ, ಮೂರು ವಾರದ ಹಿಂದಿನೋರು." ಮೂವತ್ತು ವರ್ಷ ಗಣಿತ ಕಲಿಸಿದ ನನಗೆ ಇದು ಹೊಳೆದೇ ಇರಲಿಲ್ಲ. ಹಿಂದಿನ ದಿನವಷ್ಟೇ ಅವರು ಮಣ್ಣು ಮಾಡಿ ಬಂದಿದ್ದ ಹೆಂಡತಿ ಶಹರಬಾನು, ಮೂರು ವಾರದ ಹಿಂದೆ ಇದೇ ಜಗಲಿಯ ಮುಂದೆ ನಿಂತು, "ಸವಳಂಗಕ್ಕೆ ಮದುವೆಗೆ ಹೋಗಬಹುದೇನ್ರೀ ಮೇಷ್ಟ್ರೇ?" ಎಂದು ಕೇಳಿದ್ದಳು. ನಾನು ಪತ್ರಿಕೆಯಿಂದ ತಲೆ ಎತ್ತದೆ, "ಶೇಕಡಾ ಒಂದೂ ಇಲ್ಲ, ಹೋಗಿ ಬಾರಮ್ಮ" ಎಂದಿದ್ದೆ.