ರಮ್ ಬಾಟಲಿಯ ಮರಳು

ಮರುಭೂಮಿ ಯಾವ ಬಣ್ಣ ಎಂದು ಯಾರನ್ನಾದರೂ ಕೇಳಿ ನೋಡಿ, ಹಳದಿ ಅನ್ನುತ್ತಾರೆ. ಹಳದಿಯಂತೆ ಹಳದಿ! ಅರಿಶಿನವೂ ಹಳದಿ, ಬಾಳೆಹಣ್ಣೂ ಹಳದಿ, ಶಾಲೆಯ ಬಸ್ಸೂ ಹಳದಿ. ಈ ಒಂದು ಮಾತಿಗೆ ನಾನು ಎಷ್ಟು ಜನರ ಹತ್ತಿರ ಜಗಳವಾಡಿದ್ದೇನೋ ಲೆಕ್ಕವಿಲ್ಲ. ಯುದ್ಧದ ಗಾಡಿಗಳ ಸಣ್ಣ ಮಾದರಿ ಮಾಡುವ ನಮ್ಮಂಥವರದೊಂದು ಗುಂಪು ಮೊಬೈಲಿನಲ್ಲಿದೆ. ಅಲ್ಲಿಂದಲೂ ನನ್ನನ್ನು ಎರಡು ಸಲ ಹೊರಗೆ ಹಾಕಿದ್ದಾರೆ. ಎರಡು ಸಲವೂ ಬಣ್ಣದ ವಿಷಯಕ್ಕೇ.

ನಾನು ಗೋಣಿಕೊಪ್ಪಲಿನಲ್ಲಿ ಬೋರ್ಡ್ ಬರೆಯುವವನು. ಬರೆಯುತ್ತಿದ್ದವನು ಅನ್ನಬೇಕು. ಫ್ಲೆಕ್ಸ್ ಬಂದ ಮೇಲೆ ಬ್ರಶ್ಶಿನ ಕೆಲಸಕ್ಕೆ ಬರುವವರು ಜೀಪಿನ ನಂಬರ್ ಪ್ಲೇಟಿನವರು, ಇಲ್ಲವೇ ಎಸ್ಟೇಟಿನ ಗೇಟಿಗೆ ‘ನಾಯಿ ಇದೆ, ಎಚ್ಚರಿಕೆ’ ಎಂದು ಬರೆಸುವವರು. ಉಳಿದ ಹೊತ್ತಿನಲ್ಲಿ ಅಂಗೈ ಮೇಲೆ ನಿಲ್ಲುವಂಥ ಟ್ಯಾಂಕು, ಜೀಪು, ಲಾರಿ ಮಾಡುತ್ತೇನೆ. ಫ್ಲೆಕ್ಸ್ ಅಂಗಡಿಯವರು ಎಸೆಯುವ ಫೋಮ್ ಶೀಟಿನ ತುಂಡುಗಳೇ ಇದಕ್ಕೆ ಸಾಮಾನು. ನನ್ನ ಹೊಟ್ಟೆಯ ಮೇಲೆ ಹೊಡೆದವರಿಂದ ಅಷ್ಟಾದರೂ ಸಿಗಲಿ. ನನ್ನ ಹೆಂಡತಿ ಈ ಕೆಲಸಕ್ಕೆ ಇಟ್ಟ ಹೆಸರು ಆಟ. “ಆಟ ಮುಗೀತಾ? ಊಟಕ್ಕೆ ಬರ್ತೀರಾ?” ಎಂದು ದಿನಾ ಫೋನು ಮಾಡುತ್ತಾಳೆ.

ನನ್ನ ಅಂಗಡಿಯ ಹಿಂದಿನ ಮನೆಯಲ್ಲಿ ದೊಡ್ಡಮ್ಮ ಇದ್ದಾರೆ. ನನಗೆ ನೆಂಟರಲ್ಲ, ಬೀದಿಯವರೆಲ್ಲ ಹಾಗೆ ಕರೆಯುವುದರಿಂದ ನನಗೂ ದೊಡ್ಡಮ್ಮ. ಹುಟ್ಟಿದ್ದು ಕಕ್ಕಬೆ ಕಡೆ, ಈಗಿರುವುದು ತಂಗಿಯ ಸಂಸಾರದ ಜೊತೆ, ಮೊಮ್ಮಕ್ಕಳ ಗಲಾಟೆಯ ನಡುವೆ. ಮದುವೆಯಾದ ವರ್ಷವೇ ಅವರ ಗಂಡ ಎಪ್ಪತ್ತೊಂದರ ಯುದ್ಧಕ್ಕೆ ಹೋದರು. ರಾಜಸ್ಥಾನದ ಗಡಿಯಲ್ಲಿ ಮದ್ದುಗುಂಡು ತುಂಬಿದ ಮಿಲಿಟರಿ ಲಾರಿಯ ಡ್ರೈವರ್ ಆಗಿದ್ದರು. ಒಂದು ಮಧ್ಯಾಹ್ನ ಶತ್ರುವಿನ ವಿಮಾನ ಬಂದು ಆ ಲಾರಿಗೇ ಹೊಡೆಯಿತು. ಊರಿಗೆ ತರುವಂಥದ್ದು ಏನೂ ಉಳಿದಿರಲಿಲ್ಲವಂತೆ. ಜೊತೆಗಿದ್ದ ಹವಾಲ್ದಾರರೊಬ್ಬರು ಬರಿಗೈಯಲ್ಲಿ ಬರಲು ಮನಸ್ಸಾಗದೆ, ಲಾರಿ ಉರಿದ ಜಾಗದಿಂದ ನಾಲ್ಕು ಮಾರು ಆಚೆಯ, ಬೆಂಕಿ ತಗಲದ ಮರಳನ್ನು ಕ್ಯಾಂಟೀನಿನ ಖಾಲಿ ರಮ್ ಬಾಟಲಿಗೆ ತುಂಬಿಸಿ ತಂದುಕೊಟ್ಟರು. ಐವತ್ತು ವರ್ಷ ದಾಟಿದರೂ ಆ ಬಾಟಲಿ ಗಂಡನ ಫೋಟೋದ ಪಕ್ಕದಲ್ಲೇ ಇತ್ತು. ಹಿರಿಯರಿಗೆ ಎಡೆ ಇಡುವ ದಿನ ಕೋಳಿ ಸಾರು, ಕಡುಬು, ಒಂದು ಗುಟುಕು ಬ್ರಾಂಡಿ ಎಲ್ಲವನ್ನೂ ಅದರ ಮುಂದೆ ಇಡುತ್ತಿದ್ದರು.

ಹೋದ ವರ್ಷ ಬೇಸಗೆಯಲ್ಲಿ ದೊಡ್ಡಮ್ಮ ಅಂಗಡಿಗೆ ಬಂದು ಗಾಜಿನ ಪೆಟ್ಟಿಗೆಯಲ್ಲಿದ್ದ ನನ್ನ ಜೀಪನ್ನು ಬಹಳ ಹೊತ್ತು ನೋಡಿದರು.

“ಅವರ ಗಾಡಿ ಮಾಡ್ಲಿಕ್ಕೆ ಆಗ್ತದಾ ನಿಂಗೆ?”

“ಯಾಕಾಗಲ್ಲ ದೊಡ್ಡಮ್ಮ? ಗಾಡಿ ಪಕ್ಕ ನಿಂತ ಫೋಟೋ ಉಂಟಲ್ಲ.”

“ಬಣ್ಣ ಸರಿ ಇರ್ಬೇಕು ನೋಡು. ಫೋಟೋ ಕಪ್ಪು ಬಿಳುಪು. ಅದ್ರಲ್ಲಿ ಎಂತ ಗೊತ್ತಾಗ್ತದೆ?” ಎಂದವರು ಸ್ಟೂಲಿನ ಮೇಲೆ ಕುಳಿತರು. “ಆ ಹವಾಲ್ದಾರರು ಹೇಳಿದ್ರು, ಗಾಡಿ ಮರಳಿನದ್ದೇ ಬಣ್ಣ ಇತ್ತಂತೆ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದ್ರೆ ಅವರಿಗೇ ಕಾಣ್ತಿರ್ಲಿಲ್ಲವಂತೆ. ಹಾಗಿದ್ರೆ ಮೇಲೆ ಹಾರ್ತಿದ್ದವನಿಗೆ ಹ್ಯಾಗೆ ಕಂಡಿತು ಮಾರಾಯ? ನಂಗೆ ಅದೊಂದು ಗೊತ್ತಾಗ್ಬೇಕು. ಮರಳು ನನ್ನ ಹತ್ರ ಉಂಟು. ನೀನು ಗಾಡಿ ಮಾಡಿಕೊಡು. ಮರಳಿನ ಮೇಲೆ ಇಟ್ಟು ನೋಡ್ತೇನೆ, ಕಾಣ್ತದಾ ಇಲ್ವಾ ಅಂತ.”

ಗಂಡ ಸತ್ತಾಗ ಇವರಿಗೆ ಇಪ್ಪತ್ತೂ ಆಗಿರಲಿಲ್ಲ. ಅಂದಿನಿಂದ ಈ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾಫಿ ಕುಡಿದಿದ್ದಾರೆ, ಮದುವೆಗಳಿಗೆ ಹೋಗಿದ್ದಾರೆ, ತಂಗಿಯ ಮಕ್ಕಳನ್ನು ಸಾಕಿದ್ದಾರೆ. ಎಡೆ ಇಡುವ ದಿನಕ್ಕೆ ಗಾಡಿ ತಯಾರಿರುತ್ತದೆ ಎಂದು ಮಾತು ಕೊಟ್ಟೆ. ಕೊಡುವಾಗ ಬಹಳ ಸುಲಭವಾಗಿ ಕೊಟ್ಟೆ.

ಲಾರಿ ಬೇಗ ಆಯಿತು. ಬಣ್ಣ ನನ್ನ ಪ್ರಾಣ ತಿಂದಿತು. ಆ ಕಾಲದ ಕಲರ್ ಫೋಟೋಗಳು ಹಳತಾಗಿ ಆಕಾಶವೂ ಗುಲಾಬಿ, ಸೈನಿಕರ ಮುಖವೂ ಗುಲಾಬಿ ಆಗಿಬಿಟ್ಟಿವೆ. ಕಂಟೋನ್ಮೆಂಟುಗಳ ಗೇಟಿನಲ್ಲಿ ನಿಲ್ಲಿಸಿದ ಹಳೆಯ ಗಾಡಿಗಳಿಗೆ ಪ್ರತಿ ಸಲ ಯಾರೋ ಕಂಟ್ರಾಕ್ಟುದಾರ ತನಗೆ ಸಿಕ್ಕಿದ ಬಣ್ಣ ಬಳಿದಿದ್ದಾನೆ. ಮೊಬೈಲಿನ ಗುಂಪಿನಲ್ಲಿ ಕೇಳಿದರೆ ಒಬ್ಬ ಬ್ರಿಟಿಷರ ಕಾಲದ ಬಣ್ಣ ಅಂದ, ಇನ್ನೊಬ್ಬ ಅದು ಬೇರೆ ದೇಶದ ಮರುಭೂಮಿಯದ್ದು, ತಲೆ ಸರಿ ಇದೆಯಾ ಅಂದ. ನಾನು ಬಿಳಿ ಎನಾಮಲ್ಲಿಗೆ ಹಳದಿ ಕಾವಿ, ಒಂದು ತೊಟ್ಟು ಕಪ್ಪು, ಅರ್ಧ ತೊಟ್ಟು ಕೆಂಪು ಹೀಗೆ ಬೆರೆಸಿ ಬೆರೆಸಿ ತಗಡಿನ ಚೂರುಗಳಿಗೆ ಬಳಿದು ಅಂಗಡಿಯ ತುಂಬ ದಾರಕ್ಕೆ ನೇತುಹಾಕಿದೆ. ಅಷ್ಟರಲ್ಲಿ ಮಳೆ ಹಿಡಿಯಿತು. ಬೆಳಿಗ್ಗೆ ಹತ್ತಕ್ಕೂ ಲೈಟು ಹಾಕಬೇಕು. ಆ ಬೆಳಕಿನಲ್ಲಿ ಎಲ್ಲ ಚೂರುಗಳೂ ಹಳಸಿದ ಸಾರಿನ ಬಣ್ಣಕ್ಕೆ ಬಂದವು. ಸಾಲದ್ದಕ್ಕೆ ಯಾವುದೂ ಒಣಗುತ್ತಿರಲಿಲ್ಲ.

ಒಂದು ದಿನ ತಲೆ ಕೆಟ್ಟು ದೊಡ್ಡಮ್ಮನ ಎದುರೇ ಬ್ರಶ್ಶು ಎಸೆದೆ. “ಆ ಪೇಂಟ್ ಯಾವುದು ಅಂತ ಈ ಭೂಮಿ ಮೇಲೆ ಒಬ್ಬನಿಗೂ ಗೊತ್ತಿಲ್ಲ!”

“ಪೇಂಟ್ ಎಲ್ಲಿತ್ತು?” ಅಂದರು ದೊಡ್ಡಮ್ಮ. “ಗಾಡಿ ಹಸಿರೇ ಅಂತೆ. ಬಳಿಯೋಷ್ಟು ಹೊತ್ತು ಯಾರಿಗಿತ್ತು? ಅಲ್ಲಿಯ ಮಣ್ಣನ್ನೇ ನೀರಲ್ಲಿ ಕಲಸಿ ಮೆತ್ತಿದ್ರಂತೆ.”

“ಅಯ್ಯೋ ದೊಡ್ಡಮ್ಮ! ಮೊದಲೇ ಹೇಳ್ಬಾರದಿತ್ತಾ?”

“ನಿಂಗೆ ಗೊತ್ತಿರ್ತದೆ ಅಂದ್ಕೊಂಡೆ. ಇಷ್ಟೆಲ್ಲ ಓದ್ತೀಯಲ್ಲ.”

ಮೈ ಪರಚಿಕೊಳ್ಳುವಂತಾಯಿತು. ಆದರೆ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಜಗತ್ತಿನ ಯಾವ ಮಾದರಿಗಾರನ ಹತ್ತಿರವೂ ಇಲ್ಲದ್ದು ದೊಡ್ಡಮ್ಮನ ಮನೆಯ ಗೂಡಿನಲ್ಲಿತ್ತು. ಆ ಗಾಡಿಗೆ ಮೆತ್ತಿದ ಮಣ್ಣೇ ರಮ್ ಬಾಟಲಿಯಲ್ಲಿತ್ತು. ಅಂದೇ ಹಿಂದಿನ ಮನೆಗೆ ಹೋದೆ. ದೊಡ್ಡಮ್ಮ ಬಾಟಲಿಯನ್ನು ಮನೆಯಿಂದ ಹೊರಗೆ ಕೊಡುವುದಿಲ್ಲ ಅಂದರು, ಅಲ್ಲೇ ನೋಡಲು ಕೊಟ್ಟರು. ಮುಚ್ಚಳ ತುಕ್ಕು ಹಿಡಿದು ತೂತಾಗಿತ್ತು. ನಮ್ಮ ಇಷ್ಟೂ ಮಳೆಗಾಲಗಳ ತೇವ ಅದರೊಳಗೆ ಇಳಿದಿತ್ತು. ಮರಳು ಕಪ್ಪಗೆ ಒದ್ದೆಯಾಗಿ ಮುದ್ದೆ ಕಟ್ಟಿತ್ತು, ಮೇಲೆ ಸ್ವಲ್ಪ ಬೂಸ್ಟು. ಬಾಟಲಿಯ ಕುತ್ತಿಗೆಯ ಒಳಗೆ ಮಾತ್ರ ಕೆಲವು ಕಾಳು ಒಣಗಿ ಅಂಟಿಕೊಂಡಿದ್ದವು. ಕಿಟಕಿಯ ಹತ್ತಿರ ಹಿಡಿದಾಗ ಅವು ಬೆಳ್ಳಗೆ, ಅದರೊಳಗೆ ಎಲ್ಲೋ ಒಂದಿಷ್ಟು ಜೇನಿನ ಛಾಯೆ. ಹಳದಿ ಅಲ್ಲ, ಹೇಳಿದ್ದೆನಲ್ಲ? ಮೊಬೈಲಿನಲ್ಲಿ ಫೋಟೋ ತೆಗೆದೆ. ಟ್ಯೂಬ್‌ಲೈಟಿನ ಕೆಳಗೆ ಅದು ಹಸಿರಾಗಿ ಬಂತು, ಕೆಲಸಕ್ಕೆ ಬಾರದ್ದು.

“ಒದ್ದೆ ಮರಳಿನ ಬಣ್ಣ ಬೇರೆ ದೊಡ್ಡಮ್ಮ. ಇದು ಚೆನ್ನಾಗಿ ಒಣಗ್ಬೇಕು. ಬಿಸಿಲು ಬರ್ಲಿ, ಆಮೇಲೆ ನೋಡುವ.”

ಹೀಗೆ ಹೇಳಿ ಬಂದೆ. ಮಳೆಗಾಲದಲ್ಲಿ ನಮ್ಮವರಿಗೆ ಬಿಸಿಲು ಬರಲಿ ಎಂದರೆ ಏನರ್ಥ? ಉಪ್ಪು, ಬೆಂಕಿಪೊಟ್ಟಣ, ಮಕ್ಕಳ ಸಾಕ್ಸು, ಹಾಸಿಗೆಯ ಹೊದಿಕೆ ಎಲ್ಲವನ್ನೂ ಒಲೆಯ ಬಿಸಿಗೇ ಒಣಗಿಸುವ ಊರು ಇದು. ಬಿಸಿಲಿಗೆ ಕಾಯುತ್ತ ಕೂತರೆ ನಾವೂ ಬೂಸ್ಟು ಹಿಡಿಯುತ್ತೇವೆ. ಅಷ್ಟು ನನ್ನ ತಲೆಗೆ ಹೋಗಬೇಕಿತ್ತು.

ಮೂರನೆಯ ದಿನವೋ ನಾಲ್ಕನೆಯ ದಿನವೋ ದೊಡ್ಡಮ್ಮ ಹಿತ್ತಿಲಿನಿಂದ ಕೂಗಿದರು. ಹೋದೆ. ನೀರು ಕಾಯಿಸುವ ಸೌದೆ ಒಲೆಯ ಪಕ್ಕದಲ್ಲಿ, ಮನೆಯಲ್ಲಿ ಕಾಫಿ ಬೀಜ ಹುರಿಯುವ ಕಬ್ಬಿಣದ ಬಾಣಲೆ ಇಳಿಸಿಟ್ಟಿತ್ತು. ಅದರ ತುಂಬ ಮರಳು.

“ಬಿಸಿಲಿಗೆ ಕಾದ್ರೆ ಆಯ್ತು ಕೆಲಸ! ನೋಡು, ಹೊತ್ತದ ಹಾಗೆ ಕೈ ಬಿಡದೆ ಹುರಿದೆ. ಒಂದು ಚೂರು ತೇವ ಇಲ್ಲ. ಬಾಟಲಿಗೂ ಬೂಸ್ಟು ಹಿಡಿದಿತ್ತಲ್ಲ, ಸೋಪು ಹಾಕಿ ತೊಳೆದಿಟ್ಟೆ.”

ಮರಳು ಕೆಂಪಾಗಿತ್ತು. ಹಸಿ ಇಟ್ಟಿಗೆ ಭಟ್ಟಿಯಲ್ಲಿ ಸುಟ್ಟು ಹೊರಬಂದಾಗ ಯಾವ ಕೆಂಪೋ ಹೆಚ್ಚುಕಡಿಮೆ ಅದೇ. ಮಣ್ಣು ಬೆಂಕಿ ಕಂಡರೆ ಹೀಗೇ ಆಗುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ಬೇಲಿಯ ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಿದ್ದ ಬಾಟಲಿಯಿಂದ ನೀರಿಳಿಯುತ್ತಿತ್ತು, ಕುತ್ತಿಗೆಯೊಳಗಿನ ಕಾಳುಗಳೂ ಹೋಗಿದ್ದವು. ಅಳುವುದೋ ಬೈಯುವುದೋ ತಿಳಿಯಲಿಲ್ಲ. ಬೈಯುವುದಾದರೂ ಯಾರನ್ನು? ಅವರ ಮುಖ ಒಲೆಯ ಬಿಸಿಗೆ ಬೆವತಿತ್ತು.

“ಚೆನ್ನಾಗಿ ಒಣಗಿದೆ ದೊಡ್ಡಮ್ಮ,” ಅಂದೆ.

ಆ ಸಂಜೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಆ ದಿನ ಆಟ ಅನ್ನಲಿಲ್ಲ. “ಹೇಳ್ಬೇಡಿ ರೀ,” ಅಂದಳು ಅಷ್ಟೇ. ನಾನು ಕಂಡ ಬಿಳಿ ಜೇನಿನ ಬಣ್ಣವನ್ನು ನೆನಪಿನಿಂದಲೇ ಬೆರೆಸಿ ಲಾರಿಗೆ ಬಳಿಯಬಹುದಿತ್ತು. ಕೆಂಪು ಮರಳಿನ ಮೇಲೆ ಅದು ಎದ್ದು ಕಾಣುತ್ತಿತ್ತು, ಗಂಡ ಎಲ್ಲರಿಗೂ ಕಾಣುವ ಹಾಗೆ ಬಯಲಲ್ಲಿ ನಿಂತಿದ್ದ ಎಂದು ಅವರು ತಿಳಿಯುತ್ತಿದ್ದರು. ಹುರಿದ ಮರಳನ್ನೇ ಮೆತ್ತಿದರೆ ಲಾರಿ ಮರೆಯಾಗುತ್ತಿತ್ತು, ಅದೂ ಸುಳ್ಳೇ. ಎರಡರಲ್ಲಿ ಯಾವುದು ಕಡಿಮೆ ನೋಯಿಸುತ್ತದೆ ಎಂದು ಯೋಚಿಸುತ್ತ ವಾರಗಟ್ಟಲೆ ಕೂತೆ. ಗುಂಪಿನಲ್ಲಿ ಅರ್ಧ ತೊಟ್ಟು ಕೆಂಪಿಗಾಗಿ ಕಂಡವರ ಮೇಲೆ ಹರಿಹಾಯುತ್ತಿದ್ದ ನಾನು ಕೊನೆಗೆ ಲಾರಿಗೆ ಹಸಿರು ಬಳಿದು, ಅದರ ಮೇಲೆ ಆ ಕೆಂಪು ಮರಳನ್ನು ಅರೆದು ಗೋಂದಿನ ನೀರಿನಲ್ಲಿ ಕಲಸಿ ಬೆರಳಿನಿಂದಲೇ ಮೆತ್ತಿದೆ.

ಎಡೆ ಇಡುವ ದಿನ ಬೆಳಿಗ್ಗೆ ಹಿಂದಿನ ಮನೆಯಲ್ಲಿ ಅಡುಗೆಯ ಗಡಿಬಿಡಿ. ದೊಡ್ಡಮ್ಮ ನನ್ನನ್ನು ಫೋಟೋ ಇದ್ದ ಕೋಣೆಗೆ ಕರೆದು ಬಾಗಿಲು ಸ್ವಲ್ಪ ಮುಂದಕ್ಕೆ ಮಾಡಿದರು. ಅಗಲದ ಸ್ಟೀಲ್ ತಟ್ಟೆಯಲ್ಲಿ ಮರಳನ್ನು ಹರಡಿ ಕೈಯಿಂದ ಸಮ ಮಾಡಿದರು. ನಾನು ಲಾರಿಯನ್ನು ನಡುವೆ ಇಟ್ಟೆ. ಅವರು ತಟ್ಟೆಯನ್ನು ನೆಲದ ಮೇಲಿಟ್ಟು ಎದ್ದು ನಿಂತು ಮೇಲಿನಿಂದ ನೋಡಿದರು. ವಿಮಾನದವನು ನೋಡಿದ ಹಾಗೆ.

ಲಾರಿ ಕಾಣಲಿಲ್ಲ. ನಿಜವಾಗಿಯೂ ಕಾಣಲಿಲ್ಲ, ನಾನೇ ಒಂದು ಕ್ಷಣ ಹುಡುಕಿದೆ. ನನ್ನ ಜೀವಮಾನದಲ್ಲಿ ಅಷ್ಟು ಸರಿಯಾಗಿ ಬಣ್ಣ ಕೂಡಿಸಿದ್ದು ಅದೊಂದೇ ಸಲ.

“ಕಾಣೋದಿಲ್ಲ,” ಅಂದರು ದೊಡ್ಡಮ್ಮ. ನಾನು ಉಸಿರು ಬಿಟ್ಟೆ.

“ಆದ್ರೆ ಇದು ಆ ಮರಳಲ್ಲ ಅಲ್ವಾ?”

ನಾನು ಬಗ್ಗಿ ತಟ್ಟೆಯ ಅಂಚಿನ ಮರಳನ್ನು ಮತ್ತೆ ಸಮ ಮಾಡಿದೆ.

“ದಿನಾ ನೋಡಿದ್ದೇನೆ ಮಾರಾಯ, ಆ ಬಣ್ಣ ನಂಗೆ ಗೊತ್ತಿಲ್ವಾ? ಬಾಣಲೆಯಲ್ಲಿ ತಿರುಗ್ತಾ ಇರುವಾಗ್ಲೇ ಗೊತ್ತಾಯ್ತು. ಸೌದೆ ಎಳೆದು ಇಳಿಸೋದ್ರೊಳಗೆ ಆಗಿಹೋಗಿತ್ತು. ನೀನು ಬಂದು ನೋಡಿದ್ರೆ ಬೈತೀಯ ಅಂದ್ಕೊಂಡೆ. ನೀನು ಚೆನ್ನಾಗಿ ಒಣಗಿದೆ ಅಂದೆ. ಸರಿ, ನೀನಾದ್ರೂ ನಂಬಿದ್ದೀಯಲ್ಲ ಅಂತ ಸುಮ್ಮನಾದೆ.”

“ನಂಗೂ ಆವಾಗ್ಲೇ ಗೊತ್ತಾಗಿತ್ತು ದೊಡ್ಡಮ್ಮ.”

“ಗೊತ್ತಾಗಿರ್ತದೆ ಬಿಡು. ಬಣ್ಣದವನಲ್ವಾ.” ಅವರು ಮಂಚದ ತುದಿಗೆ ಕುಳಿತು ತಟ್ಟೆಯನ್ನೇ ನೋಡಿದರು. “ಅಲ್ಲಿ ಅವರು ಸುಟ್ಟುಹೋದ್ರು. ಇಲ್ಲಿ ಉಳಿದಿದ್ದನ್ನ ನಾನೇ ಸುಟ್ಟೆ.”

ಹೊರಗೆ ತಂಗಿ ಎಡೆಗೆ ಹೊತ್ತಾಯಿತು ಎಂದು ಕರೆದರು. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ತಟ್ಟೆಯಲ್ಲಿ ಕೈಯಾಡಿಸಿ ಲಾರಿ ಎಲ್ಲಿದೆ ಎಂದು ಹುಡುಕಿ ತೆಗೆದು ನನ್ನ ಕೈಗೆ ಕೊಟ್ಟರು.

“ಇದನ್ನ ತೊಳೆದು ತಾ. ಹಸಿರು ಕಾಣ್ಲಿ. ಇನ್ನು ಯಾರಿಂದ ಅಡಗಿಸ್ಬೇಕು?”

ಹಿತ್ತಿಲ ನಲ್ಲಿಯ ಕೆಳಗೆ ಹಿಡಿದೆ. ಗೋಂದು ಬೇಗ ಬಿಟ್ಟಿತು. ಕೆಂಪು ನೀರು ಬೆರಳುಗಳ ನಡುವೆ ಇಳಿದು ಚರಂಡಿಗೆ ಹೋಯಿತು. ಒಳಗೆ ಹೋಗಿ ಹಸಿರು ಲಾರಿಯನ್ನು ಫೋಟೋದ ಪಕ್ಕದಲ್ಲಿ ಇಟ್ಟೆ. ಕೋಣೆಯ ಬಾಗಿಲಿನಿಂದಲೂ ಅದು ಚೆನ್ನಾಗಿ ಕಾಣುತ್ತಿತ್ತು.